ಗೀಸರ್ ವಾಲ್ವ್ ತೊಟ್ಟಿಕ್ಕಿದರೆ ಮುಚ್ಚಬೇಡಿ

ಪ್ರಶ್ನೆ: ನಮ್ಮದು ಎರಡನೇ ಮಹಡಿಯ ಮನೆ. ಷವರ್‌ನಲ್ಲಿ ನೀರು ಸಣ್ಣಗೆ ಬರುತ್ತಿತ್ತು ಅಂತ ಹೋದ ತಿಂಗಳು ಪ್ರೆಷರ್ ಪಂಪ್ ಹಾಕಿಸಿದೆವು. ಅಂದಿನಿಂದ 25 ಲೀಟರ್ ಗೀಸರ್ ಆನ್ ಮಾಡಿದಾಗಲೆಲ್ಲ ಕೆಳಗಿನ ಸೇಫ್ಟಿ ವಾಲ್ವ್‌ನಿಂದ ನೀರು ತೊಟ್ಟಿಕ್ಕುತ್ತದೆ. ಆಫ್ ಮಾಡಿದ ಮೇಲೆ ನಿಲ್ಲುತ್ತದೆ. ಪ್ಲಂಬರ್ ಆ ತೂತು ಮುಚ್ಚೋಣ ಅನ್ನುತ್ತಾರೆ. ಮುಚ್ಚಿಸಲೇ?
– ಗೃಹಿಣಿ, ತುಮಕೂರು

ಉತ್ತರ: ಬೇಡಮ್ಮ, ದಯವಿಟ್ಟು ಮುಚ್ಚಿಸಬೇಡಿ. ಈಗಾಗಲೇ ಮುಚ್ಚಿಸಿದ್ದರೆ ಗೀಸರ್ ಆಫ್ ಮಾಡಿ, ಹೊಸ ವಾಲ್ವ್ ಹಾಕಿಸುವವರೆಗೆ ಆನ್ ಮಾಡಬೇಡಿ.

ನೀರು ಕಾದರೆ ಹಿಗ್ಗುತ್ತದೆ. ನಮ್ಮಜ್ಜಿಯ ಬಚ್ಚಲುಮನೆಯಲ್ಲಿ ತಾಮ್ರದ ಹಂಡೆ ಇತ್ತು. ಬಾಯಿವರೆಗೆ ತುಂಬಿಸಿ ಒಲೆ ಹಚ್ಚಿದರೆ ಕಾಯುತ್ತಾ ಅಂಚಿನಿಂದ ಚೆಲ್ಲುತ್ತಿತ್ತು. ಗೀಸರ್‌ಗೆ ಹಾಗೆ ತೆರೆದ ಬಾಯಿ ಇಲ್ಲ. 25 ಡಿಗ್ರಿಯಲ್ಲಿರುವ 25 ಲೀಟರ್ ನೀರು 60 ಡಿಗ್ರಿಗೆ ಕಾಯುವಷ್ಟರಲ್ಲಿ ಸುಮಾರು 350 ಮಿಲಿಲೀಟರ್ ಜಾಸ್ತಿ ಆಗುತ್ತದೆ. ಅಷ್ಟು ನೀರು ಎಲ್ಲಿಗಾದರೂ ಹೋಗಲೇಬೇಕು ಅಲ್ವಾ?

ಮೊದಲು ಅದು ಬಂದ ಪೈಪಿನಲ್ಲೇ ಹಿಂದಕ್ಕೆ, ಮೇಲಿನ ಟ್ಯಾಂಕಿನ ಕಡೆ ಸರಿಯುತ್ತಿತ್ತು. ಪಂಪ್ ಕೂರಿಸುವಾಗ ನೀರು ವಾಪಸ್ ಹೋಗದ ಹಾಗೆ ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕುತ್ತಾರೆ. ಈಗ ಆ ದಾರಿ ಬಂದ್. ಒಳಗೆ ಒತ್ತಡ ಏರುತ್ತದೆ. ಸಾಮಾನ್ಯವಾಗಿ 8 ಬಾರ್ ಹತ್ತಿರ ಬಂದಾಗ ವಾಲ್ವ್ ಸ್ವಲ್ಪ ತೆರೆದು ಹನಿ ಬಿಡುತ್ತದೆ. ಟ್ಯಾಂಕ್ 6 ಮೀಟರ್ ಮೇಲಿದ್ದರೂ ಅದರಿಂದ ಬರುವ ಒತ್ತಡ 0.6 ಬಾರ್ ಮಾತ್ರ. ಎಷ್ಟು ವ್ಯತ್ಯಾಸ ನೋಡಿ!

ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ಮನೆಗೆ ಹೋಗಿದ್ದೆ. ವಾಲ್ವಿನ ತೂತಿಗೆ ಯಾರೋ ಮರದ ಬೆಣೆ ಹೊಡೆದಿದ್ದರು. ಬೆಳಗಿನ ಜಾವ ಬಿಸಿನೀರಿನ ಪೈಪಿನ ಜಾಯಿಂಟ್ ಕಿತ್ತುಕೊಂಡು, ಬಾತ್‌ರೂಮ್ ತುಂಬ ಹಬೆ. ಒಳಗೆ ಯಾರೂ ಇರಲಿಲ್ಲ. ಆ ಮನೆಯಲ್ಲಿ ಮೂರು ವರ್ಷದ ಮಗು ಇತ್ತು. ಅಂದಿನಿಂದ ಹೋದ ಮನೆಯಲ್ಲೆಲ್ಲ ಮೊದಲು ಆ ವಾಲ್ವ್ ನೋಡುತ್ತೇನೆ.

ನೀವು ಮಾಡಬೇಕಾದ್ದು ಇಷ್ಟು. ವಾಲ್ವಿನ ತೂತಿಗೆ ಒಂದು ಸಣ್ಣ ಪೈಪ್ ಹಾಕಿಸಿ, ನೆಲದ ಜಾಲರಿಯವರೆಗೆ ಇಳಿಸಿ. ಅದರ ತುದಿ ತೆರೆದೇ ಇರಲಿ, ಮಧ್ಯೆ ನಲ್ಲಿ ಬೇಡ. ಹನಿಯೇ ಬೀಳಬಾರದು ಅನಿಸಿದರೆ ಗೀಸರ್‌ಗೆ ಬರುವ ತಣ್ಣೀರಿನ ಪೈಪಿಗೆ, ಎನ್‌ಆರ್‌ವಿ ದಾಟಿದ ಮೇಲೆ, 2 ಲೀಟರಿನ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಕೂರಿಸಿ. ಅದರೊಳಗೆ ರಬ್ಬರ್ ಪರದೆ ಇರುತ್ತದೆ. ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. ಹಿಗ್ಗಿದ ನೀರು ಗಾಳಿಯನ್ನು ಒತ್ತಿ ಜಾಗ ಮಾಡಿಕೊಳ್ಳುತ್ತದೆ. ಪಂಪ್ ನಿಲ್ಲುವಾಗ ಪೈಪಿನಲ್ಲಿ ಎಷ್ಟು ಒತ್ತಡವೋ ಅಷ್ಟೇ ಗಾಳಿ ತುಂಬಿಸಬೇಕು, ಅದೂ ಟ್ಯಾಂಕಿಗೆ ನೀರು ಬಿಡುವ ಮೊದಲು. ಸೈಕಲ್ ಪಂಪ್ ಸಾಕು. ಈ ಟ್ಯಾಂಕ್ ಹಾಕಿಸಿದರೂ ಸೇಫ್ಟಿ ವಾಲ್ವ್ ತೆಗೆಸಬೇಡಿ.

ಬೋರ್‌ವೆಲ್ ನೀರಾದರೆ ವಾಲ್ವಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ತಿಂಗಳಿಗೊಮ್ಮೆ, ಗೀಸರ್ ತಣ್ಣಗಿರುವಾಗ, ಅದರ ಸಣ್ಣ ಹಿಡಿ ಎತ್ತಿ ಸ್ವಲ್ಪ ನೀರು ಬಿಡಿ. ತಣ್ಣಗಿದ್ದಾಗಲೂ ಹನಿ ನಿಲ್ಲದಿದ್ದರೆ ವಾಲ್ವ್ ಕೆಟ್ಟಿರಬಹುದು, ಹೊಸದು ಹಾಕಿಸಿ.