ಹೈಲ್ಯಾಂಡರೋ ಸಿಯೆನ್ನಾನೋ: ಅಪ್ಪ ಅಮ್ಮ ಬರೋಕ್ ಮುಂಚೆ ಹಿಂದಿನ ಸೀಟಲ್ಲಿ ಕೂತ್ ನೋಡಿ

ಮೈಸೂರಿಂದ ನ್ಯೂಜೆರ್ಸಿಯ ಎಡಿಸನ್‌ಗೆ ಬಂದು ಎಂಟು ತಿಂಗಳು, ನಾಲ್ಕು ವರ್ಷದ ಮಗಳು, ಹತ್ತು ತಿಂಗಳ ಮಗ, ಮೇ ತಿಂಗಳಲ್ಲಿ ಅಪ್ಪ ಅಮ್ಮ ಆರು ತಿಂಗಳಿಗೆ ಬರ್ತಿದಾರೆ, ಟೊಯೋಟಾದ ಎಸ್‌ಯುವಿ ಹೈಲ್ಯಾಂಡರ್ ತಗೊಳ್ಲಾ ಅವ್ರದ್ದೇ ಮಿನಿವ್ಯಾನ್ ಸಿಯೆನ್ನಾ ತಗೊಳ್ಲಾ, ಮನೆಯವ್ರು ಮಿನಿವ್ಯಾನ್ ಅಂದ್ರೆ ಸ್ಕೂಲ್ ವ್ಯಾನ್ ಥರ ಕಾಣತ್ತೆ ಬೇಡ ಅಂತಾರೆ ಅಂತ ಕೇಳಿದೀರಿ. ಜೊತೆಗೆ ಲೋನು, ಇನ್ಶೂರೆನ್ಸು, ಸ್ನೋ ಬಗ್ಗೆನೂ ಕೇಳಿದೀರಿ. ಲೋನಿಗೆ ಮೊದ್ಲು ಬ್ಯಾಂಕಲ್ಲೋ ಕ್ರೆಡಿಟ್ ಯೂನಿಯನ್ನಲ್ಲೋ (ನಮ್ಮ ಸಹಕಾರಿ ಬ್ಯಾಂಕ್ ಥರದ್ದು) ವಿಚಾರಿಸಿ, ಆಮೇಲೆ ಡೀಲರ್ ಹತ್ರ ಹೋಗಿ. ಇನ್ಶೂರೆನ್ಸ್ ನಾಲ್ಕು ಕಡೆ ಕೇಳಿ. ಸ್ನೋಗೆ ಅಂದ್ರೆ ಸಿಯೆನ್ನಾದಲ್ಲೂ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡೋ ಆಲ್ ವೀಲ್ ಡ್ರೈವ್ ಸಿಗತ್ತೆ, ಟೈರ್ ಚೆನ್ನಾಗಿದ್ರೆ ಸಾಕು. ಅದೆಲ್ಲ ತಾನಾಗೇ ಗೊತ್ತಾಗತ್ತೆ.

ಸೀಟಿನ ವಿಷಯ ಹಂಗಲ್ಲ. ನಾನು 2009ರ ಜನವರಿಲಿ ಬಂದಾಗ ನ್ಯೂಆರ್ಕ್ ಏರ್‌ಪೋರ್ಟಿಂದ ನಮ್ಮ ತಿಪಟೂರು ಕಡೆಯವ್ರೇ ಒಬ್ರು ಹಿರಿಯರು ಹಳೇ ಮಿನಿವ್ಯಾನಲ್ಲಿ ಕರ್ಕೊಂಡ್ ಬಂದ್ರು, ಒಳಗೆಲ್ಲ ಮಕ್ಕಳ ಬಿಸ್ಕತ್ ಪುಡಿ, ಹಿಂದೆ ಎರಡು ಅಕ್ಕಿ ಮೂಟೆ, ನಾನು ಆವತ್ತೇ ಮನಸಲ್ಲಿ ಅನ್ಕೊಂಡೆ ನಾನು ತಗೊಂಡ್ರೆ ಎತ್ತರದ ಗಾಡಿನೇ ಅಂತ. 2014ರಲ್ಲಿ ಮೂರು ಸಾಲಿನ ಎಸ್‌ಯುವಿ ತಗೊಂಡೆ. ಫೋಟೋ ನೋಡಿ ಅಪ್ಪ ಬೀದಿಗೆಲ್ಲ ತೋರ್ಸಿದ್ರಂತೆ.

2016ರಲ್ಲಿ ಅಪ್ಪ ಅಮ್ಮ ಇಬ್ರೂ ಬಂದ್ರು. ಪಿಟ್ಸ್‌ಬರ್ಗ್ ವೆಂಕಟೇಶ್ವರ ದೇವಸ್ಥಾನ ನೋಡ್ಬೇಕು ಅಂತ ಅಮ್ಮಂಗೆ ತುಂಬಾ ಆಸೆ. ಇಲ್ಲಿಂದ ಹೆಚ್ಚುಕಮ್ಮಿ 350 ಮೈಲಿ, ಆರು ಗಂಟೆ ದಾರಿ. ನಡುವಿನ ಸಾಲಲ್ಲಿ ಒಂದ್ ಕಡೆ ಮಗನ ಕಾರ್ ಸೀಟು, ಇನ್ನೊಂದ್ ಕಡೆ ಅಪ್ಪ, ಅಮ್ಮ ಹಿಂದೆ ಬ್ಯಾಗುಗಳ ಪಕ್ಕ. ಎರಡು ಸಲ ಕೇಳ್ದೆ, ಪರವಾಗಿಲ್ಲ ಬಿಡೋ ಆರಾಮಾಗಿದೀನಿ ಅಂದ್ರು. ಟರ್ನ್‌ಪೈಕ್ ಅನ್ನೋ ಟೋಲ್ ಹೈವೇಯ ರೆಸ್ಟ್ ಸ್ಟಾಪಲ್ಲಿ ಇಳಿಯಕ್ಕೆ ಹೋದ್ರೆ ಕಾಲು ಜೋಮು ಹಿಡ್ದು ನಿಲ್ಲಕ್ಕಾಗ್ಲಿಲ್ಲ, ನಾನೂ ನನ್ ಹೆಂಡ್ತಿನೂ ಹಿಡ್ಕೊಂಡ್ ಇಳ್ಸಿದ್ವಿ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕ್ಲಿಲ್ಲ, ಕುರ್ಚಿ ಮೇಲೆ ಕೂತ್ಕೊಂಡೇ ಕೈಮುಗಿದ್ರು. ಅದಾದ್ಮೇಲೆ ಎಲ್ಲಿಗ್ ಕರೆದ್ರೂ ನೀವ್ ಹೋಗ್ಬನ್ನಿ, ನಾನ್ ಅಡುಗೆ ಮಾಡಿಟ್ಟಿರ್ತೀನಿ ಅನ್ನೋರು. ತಿರುಗಾಟ ಸಾಕಾಗಿದೆ ಅನ್ಕೊಂಡೆ ನಾನು. ಅವ್ರು ವಾಪಸ್ ಹೋದ್ಮೇಲೆ ಅಕ್ಕ ಫೋನಲ್ಲಿ ಹೇಳಿದ್ಲು, ಆ ಹಿಂದಿನ ಸೀಟಿಗೆ ಹೆದರ್ಕೊಂಡೇ ಅಮ್ಮ ಬರ್ತಿರ್ಲಿಲ್ಲ ಅಂತ. ಆರು ತಿಂಗಳಲ್ಲಿ ನಾಲ್ಕು ತಿಂಗಳು ಮನೇಲೇ ಕಳೆದ್ರು. ನಮ್ಮ ತಾಯಂದಿರು ಬಾಯ್ಬಿಟ್ಟು ಹೇಳಲ್ಲ, ಅದು ನಿಮಗೂ ಗೊತ್ತಿರೋದೇ.

ಹೊರಗಿಂದ ದೊಡ್ಡದಾಗಿ ಕಾಣೋ ಗಾಡಿಲಿ ಯಾಕೆ ಹಿಂಗೆ ಅಂದ್ರೆ, ಎಸ್‌ಯುವಿಲಿ ಹಿಂದಿನ ನೆಲ ಎತ್ತರ ಇರತ್ತೆ, ಸೀಟು ನೆಲಕ್ಕೆ ಅಂಟ್ಕೊಂಡಂಗಿರತ್ತೆ, ಕೂತ್ರೆ ಮಂಡಿ ಎದೆಗೆ ಬರತ್ತೆ. ಮಿನಿವ್ಯಾನಲ್ಲಿ ನೆಲ ತಗ್ಗು, ಸೀಟು ಕುರ್ಚಿ ಥರ ಎತ್ತರ, ತೊಡೆಗೆ ಆಸರೆ ಸಿಗತ್ತೆ. ಮೂರನೇ ಸಾಲಲ್ಲಿ ಕಾಲಿಡೋ ಜಾಗ ಹೈಲ್ಯಾಂಡರಲ್ಲಿ 28 ಇಂಚಿನ ಆಸುಪಾಸು, ಸಿಯೆನ್ನಾದಲ್ಲಿ 38ರ ಮೇಲೆ. ಆ ಸಾಲಿನ ಹಿಂದೆ ಲಗೇಜಿಗೆ ಹೈಲ್ಯಾಂಡರಲ್ಲಿ 16 ಕ್ಯೂಬಿಕ್ ಅಡಿ, ಸಿಯೆನ್ನಾದಲ್ಲಿ 33.5, ಅಲ್ಲೊಂದು ಗುಂಡಿ ಥರ ಇದೆ, ಸೂಟ್‌ಕೇಸ್ ನಿಲ್ಲಿಸ್ಬೋದು. ನೀವು ಆರು ಜನ, ಏರ್‌ಪೋರ್ಟಿಂದ ಬರುವಾಗ 23 ಕಿಲೋದ ನಾಲ್ಕು ಸೂಟ್‌ಕೇಸು, ಹೈಲ್ಯಾಂಡರಲ್ಲಿ ಎಲ್ಲಿಡ್ತೀರಿ? ಎಸ್‌ಯುವಿನೇ ಬೇಕು ಅಂದ್ರೆ ಗ್ರ್ಯಾಂಡ್ ಹೈಲ್ಯಾಂಡರ್ ನೋಡಿ, ಕಾಲಿಗೆ 33.5 ಇಂಚು, ಲಗೇಜಿಗೆ 20.6. ಹೋಂಡಾ ಒಡಿಸ್ಸಿ, ಕಿಯಾ ಕಾರ್ನಿವಲ್ಲೂ ಚೆನ್ನಾಗಿವೆ, ಅದ್ರಲ್ಲಿ ನನಗೆ ಹೆಚ್ಚು ಅನುಭವ ಇಲ್ಲ.

ಇನ್ನೊಂದು, ಎರಡು ಕಾರ್ ಸೀಟ್ ಹಾಕಿದ್ಮೇಲೆ ಎಷ್ಟೋ ಎಸ್‌ಯುವಿಲಿ ನಡುವಿನ ಸೀಟು ಬಗ್ಗಲ್ಲ, ಹಿಂದಕ್ಕೆ ಹೋಗೋರು ಹೆಂಗ್ ಹೋಗ್ಬೇಕು? ಅದಕ್ಕೇ ನಡುವೆ ದಾರಿ ಇರೋ ಏಳು ಸೀಟಿನದ್ದೇ ತಗೊಳ್ಳಿ, ಎಂಟು ಸೀಟಿನದ್ದು ಬೇಡ. ಜಾರೋ ಬಾಗಿಲು ಇದ್ರೆ ಓಕ್ ಟ್ರೀ ರೋಡ್ ಅಂಗಡಿಗಳ ಇಕ್ಕಟ್ಟಿನ ಪಾರ್ಕಿಂಗಲ್ಲಿ ಪಕ್ಕದ ಕಾರಿಗೆ ತಾಗತ್ತೆ ಅನ್ನೋ ಚಿಂತೆ ಇಲ್ಲ, ವಯಸ್ಸಾದೋರು ಹಿಡಿ ಹಿಡ್ಕೊಂಡು ನಿಧಾನಕ್ಕೆ ಇಳೀಬೋದು.

ನಾನು ಸಿಯೆನ್ನಾ ತಗೊಂಡಿದ್ದು 2021ರಲ್ಲಿ. ಅಷ್ಟೊತ್ತಿಗೆ ಅಮ್ಮಂಗೆ ಡಾಕ್ಟ್ರು ದೂರದ ವಿಮಾನ ಬೇಡ ಅಂದ್ಬಿಟ್ಟಿದ್ರು. ವಿಡಿಯೋ ಕಾಲಲ್ಲೇ ತೋರ್ಸಿದೆ, ಹಿಂದಿನ ಸೀಟ್ ತೋರ್ಸು ಅಂದ್ರು, ನೋಡಿ, ಅಗಲವಾಗಿದೆ ಕಣೋ ಅಂದ್ರು.

ಶನಿವಾರ ಬೆಳಗ್ಗೆ ನಾವ್ ಮನೇಲೇ ಇರ್ತೀವಿ. ಎರಡೂ ಕಾರ್ ಸೀಟ್ ತಗೊಂಡ್ ಬನ್ನಿ, ನಮ್ ವ್ಯಾನಿಗೆ ಹಾಕಿ, ನಿಮ್ ಮನೆಯವ್ರನ್ನ ಹಿಂದಿನ ಸಾಲಲ್ಲಿ ಕೂರ್ಸಿ ಬ್ರಿಡ್ಜ್‌ವಾಟರ್ ದೇವಸ್ಥಾನದ ತನಕ ಹೋಗ್ಬರೋಣ. ತಿಂಡಿ ನಮ್ಮನೇಲೇ.