1841 ಮತ್ತು 1851ರ ಜನಗಣತಿಗಳಲ್ಲಿ ಹೊಂದದ ವಯಸ್ಸು

ಇಂಗ್ಲೆಂಡಿನ 1841ರ ಜನಗಣತಿಯಲ್ಲಿ 30 ವರ್ಷವೆಂದು ದಾಖಲಾದ ನಿಮ್ಮ ಪೂರ್ವಿಕರು 1851ರಲ್ಲಿ 44 ವರ್ಷದವರಾಗಿ ಕಾಣಿಸುವುದರಿಂದ, ಇವರು ಬೇರೆ ಬೇರೆ ವ್ಯಕ್ತಿಗಳಿರಬಹುದೇ ಎಂದು ಕೇಳಿದ್ದೀರಿ. ವಯಸ್ಸಿನ ಕಾರಣವೊಂದರಿಂದಲೇ ಹಾಗೆ ತೀರ್ಮಾನಿಸಬೇಕಾಗಿಲ್ಲ.

1841ರ ಗಣತಿದಾರರಿಗೆ, 15 ವರ್ಷ ಮೀರಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು. ಆದ್ದರಿಂದ ಅಲ್ಲಿನ 30 ಎಂಬುದು 30ರಿಂದ 34ರವರೆಗಿನ ಯಾವ ವಯಸ್ಸಾದರೂ ಆಗಿರಬಹುದು. (ಎಲ್ಲ ಗಣತಿದಾರರೂ ಆ ಸೂಚನೆಯನ್ನು ಪಾಲಿಸಲಿಲ್ಲವೆಂಬುದು ಬೇರೆ ಮಾತು.) ಮೊದಲ ಗಣತಿ 1841ರ ಜೂನ್ 6ರ ರಾತ್ರಿಗೂ ಎರಡನೆಯದು 1851ರ ಮಾರ್ಚ್ 30ರ ರಾತ್ರಿಗೂ ಸಂಬಂಧಿಸಿದ್ದು, ಆ ಅವಧಿಯಲ್ಲಿ 34 ವರ್ಷದವರು 44ಕ್ಕೆ ಬರುವುದು ಸಹಜವೇ.

ಆದರೆ ವಯಸ್ಸು ಹೊಂದಿದ ಮಾತ್ರಕ್ಕೆ ವ್ಯಕ್ತಿ ಒಬ್ಬರೇ ಎಂದಾಗುವುದಿಲ್ಲ. 1841ರ ಪಟ್ಟಿಯಲ್ಲಿ ಮನೆಯ ಯಜಮಾನರೊಂದಿಗಿನ ಸಂಬಂಧದ ನಮೂದಿಲ್ಲ. ಜನ್ಮಸ್ಥಳದ ಬಗ್ಗೆಯೂ, ವಾಸವಿದ್ದ ಕೌಂಟಿಯಲ್ಲೇ (ಜಿಲ್ಲೆಯಂಥ ಆಡಳಿತ ವಿಭಾಗ) ಹುಟ್ಟಿದವರೇ ಅಲ್ಲವೇ ಎಂಬುದಕ್ಕಿಂತ ಹೆಚ್ಚಿನ ವಿವರ ಸಾಮಾನ್ಯವಾಗಿ ಸಿಗದು. ಅದೇ ಮನೆಯಲ್ಲಿ ದಾಖಲಾಗಿರುವ ಮಹಿಳೆಯನ್ನು ಪತ್ನಿಯೆಂದು ಭಾವಿಸುವುದು ಅಪಾಯಕರ. ಆಕೆ ಸಹೋದರಿಯೂ ಆಗಿರಬಹುದು. 1851ರ ಪಟ್ಟಿಯಾದರೋ ಸಂಬಂಧ, ವೈವಾಹಿಕ ಸ್ಥಿತಿ, ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಮೂರನ್ನೂ ಕೊಡುತ್ತದೆ. ನನ್ನ ಅಭಿಪ್ರಾಯದಲ್ಲಿ, ಆ ಪ್ಯಾರಿಷ್‌ನ ಬ್ಯಾಪ್ಟಿಸಮ್ (ಕ್ರೈಸ್ತ ದೀಕ್ಷಾಸ್ನಾನ) ದಾಖಲೆಗಳನ್ನು 1806-07ರ ಆಸುಪಾಸಿನಲ್ಲಿ ಹುಡುಕುವುದರ ಜೊತೆಗೆ, ಎರಡೂ ಪಟ್ಟಿಗಳಲ್ಲಿರುವ ಮಕ್ಕಳಲ್ಲಿ 1837ರ ಜುಲೈ ನಂತರ (ಸರ್ಕಾರಿ ಜನನ ನೋಂದಣಿ ಆರಂಭವಾದದ್ದು ಆಗ) ಹುಟ್ಟಿದ ಒಬ್ಬರ ಜನನ ಪ್ರಮಾಣಪತ್ರವನ್ನು ತರಿಸುವುದು ಒಳ್ಳೆಯದು. ಅದರಲ್ಲಿ ತಾಯಿಯ ಮದುವೆಗೆ ಮುಂಚಿನ ಕುಲನಾಮವಿರುತ್ತದೆ. ಅದಕ್ಕೂ ಮೊದಲು, ಜಾಲತಾಣದ ಸೂಚಿಯನ್ನಷ್ಟೇ ನಂಬದೆ ಮೂಲ ಪುಟದ ಚಿತ್ರವನ್ನು ತೆರೆದು ನೋಡಿ: ಹಳೆಯ ಕೈಬರಹದಲ್ಲಿ 41 ಮತ್ತು 44 ಸುಲಭವಾಗಿ ಅದಲುಬದಲಾಗುತ್ತವೆ.