ಅಮೆರಿಕದ ಹಿರಿಯ ಗೇ ಗಂಡಸರಲ್ಲಿ ಅನೇಕರು ಕಾಂಡೋಮ್ ಬಿಡುವುದಿಲ್ಲ, ಹುಡುಗರಿಗೆ ಅದರ ಚಿಂತೆಯೇ ಕಡಿಮೆ. ಯಾಕೆ?

ಆ ಹಿರಿಯರು ಕಂಡ ಕಾಲವೇ ಬೇರೆ. 1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹರೆಯದಲ್ಲಿದ್ದವರು ಸಾಲುಸಾಲು ಗೆಳೆಯರನ್ನು ಕಳೆದುಕೊಂಡರು. ಅಲ್ಲಿನ ಗೇ ಸಮುದಾಯದ ವಾರಪತ್ರಿಕೆ ‘ಬೇ ಏರಿಯಾ ರಿಪೋರ್ಟರ್’ನಲ್ಲಿ ಏಡ್ಸ್‌ನಿಂದ ಸತ್ತವರ ಫೋಟೋಗಳು ವಾರವಾರವೂ ಬರುತ್ತಿದ್ದವು. 1998ರ ಆಗಸ್ಟ್‌ನಲ್ಲಿ ಒಂದು ವಾರ ಸಾವಿನ ಸುದ್ದಿ ಇಲ್ಲ ಅನ್ನುವುದೇ ಮುಖಪುಟದ ತಲೆಬರಹ ಆಯಿತು! ಅಂಥವರಿಗೆ ಕಾಂಡೋಮ್ ಅಂದರೆ ಜೀವ ಉಳಿಸಿದ ವಸ್ತು.

1996ರ ಹೊತ್ತಿಗೆ ಒಳ್ಳೆಯ ಔಷಧಿ ಬಂತು. 2012ರಲ್ಲಿ ಎಚ್‌ಐವಿ ತಗಲದಂತೆ ಮೊದಲೇ ನುಂಗುವ ಪ್ರೆಪ್ ಮಾತ್ರೆಗೂ ಅಲ್ಲಿ ಒಪ್ಪಿಗೆ ಸಿಕ್ಕಿತು. ಹಾಗಾಗಿ ಹುಡುಗರನ್ನು ಸುಮ್ನೆ ಬೇಜವಾಬ್ದಾರಿಗಳು ಅನ್ನಲಾರೆ. ದಿನಾ ಪ್ರೆಪ್ ನುಂಗುವುದೂ ಎಚ್ಚರಿಕೆಯೇ ಅಲ್ವಾ? ಆದರೆ ಅದು ಸಿಫಿಲಿಸ್, ಗೊನೊರಿಯಾದಂಥ ಲೈಂಗಿಕ ರೋಗಗಳನ್ನು ತಡೆಯುವುದಿಲ್ಲ. ಅದಕ್ಕೆ ಕಾಂಡೋಮ್ ಬೇಕು, ಆಗಾಗ ಟೆಸ್ಟೂ ಮಾಡಿಸಬೇಕು.